ಶೀನನ ಕತ್ತಿವರಸೆ

ನಮ್ಮ ಶೀನ ಬಡಾವಣೆಯ ಅಕಾಡೆಮಿಯಲ್ಲಿ ಕತ್ತಿವರಸೆಗೆ ಸೇರಿದ್ದಾನೆ ಎಂಬ ಸುದ್ದಿ ಬಂದಾಗಿನಿಂದ ದರ್ಶಿನಿಯಲ್ಲಿ ನಮಗೆ ಬೇರೆ ಮಾತೇ ಇಲ್ಲ. ತೆಂಗಿನಕಾಯಿ ಒಡೆಯುವುದಕ್ಕೂ ಪಕ್ಕದ ಮನೆಯವರನ್ನು ಕರೆಯುವ ಆಸಾಮಿ ಇವನು.

"ಇಲ್ಲಿಯವರೆಗೆ ಎಷ್ಟು ಮಂದಿಯನ್ನು ಇರಿದೆ?" ರಾಘು ಶುರುವಿಟ್ಟುಕೊಂಡ.

"ಕತ್ತಿಯನ್ನೇ ಇನ್ನೂ ಕೈಗೆ ಕೊಟ್ಟಿಲ್ಲ. ಮೊದಲು ನಿಲ್ಲುವುದನ್ನು ಕಲಿಯಬೇಕು."

"ಇಷ್ಟು ವರ್ಷ ನಿಂತದ್ದೆಲ್ಲ ಲೆಕ್ಕಕ್ಕಿಲ್ಲವೇ?"

ಶೀನ ಲೋಟ ಕೆಳಗಿಟ್ಟು ನಿಂತು ತೋರಿಸಿಯೇ ಬಿಟ್ಟ. ಬಲಪಾದ ನೇರ ರಾಘುವಿನ ಕಡೆಗೆ, ಎಡಪಾದ ಅದಕ್ಕೆ ಅಡ್ಡಲಾಗಿ, ಮೊಣಕಾಲುಗಳೆರಡೂ ಬಾಗಿ, ಬೆನ್ನು ನೆಟ್ಟಗೆ. ಮುಂದೆ ಹೋಗುವಾಗ ಮುಂಗಾಲು ಮೊದಲು, ಹಿಂದೆ ಸರಿಯುವಾಗ ಹಿಂಗಾಲು ಮೊದಲು. ಮೇಜು ಒರೆಸುವ ಹುಡುಗ ಬಟ್ಟೆ ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತ. ಆಮೇಲೆ ಶೀನ ಹಿಂಗಾಲನ್ನು ನೀಳವಾಗಿಸಿ, ಮುಂಗಾಲನ್ನು ದೂರಕ್ಕೆ ಚಾಚಿ, ಚಮಚವನ್ನು ರಾಘುವಿನ ಎದೆಗೆ ಗುರಿಯಿಟ್ಟ. ಇರಿತವೇನೋ ಸೊಗಸಾಗಿತ್ತು. ಅಲ್ಲಿಂದ ಮೇಲೇಳುವುದಕ್ಕೆ ಮಾತ್ರ ಇರಿತ ತಿಂದವನ ಹೆಗಲೇ ಬೇಕಾಯಿತು.

"ಗೆದ್ದವರು ಯಾರೆಂದು ಗೊತ್ತಾಗುವುದು ಹೇಗೆ?" ಗಿರಿಜಾ ಕೇಳಿದಳು.

"ತಾಗಿದರೆ ದೀಪ ಹೊತ್ತುತ್ತದೆ."

"ಇಬ್ಬರದ್ದೂ ಹೊತ್ತಿದರೆ?"

ಶೀನನಿಗೆ ಬೇಕಾಗಿದ್ದದ್ದು ಇದೇ ಪ್ರಶ್ನೆ. "ಈ ಆಟದಲ್ಲಿ ಕತ್ತಿಗೆ ತಕ್ಕಂತೆ ಮೂರು ಬಗೆ: ಫಾಯಿಲ್, ಸೇಬರ್, ಎಪೇ. ಫಾಯಿಲ್ ಮತ್ತು ಸೇಬರ್‌ನಲ್ಲಿ ದಾಳಿ ಮೊದಲು ಆರಂಭಿಸಿದವರಿಗೆ ಅಂಕ. ಎದುರಾಳಿ ಅದನ್ನು ಕತ್ತಿಯಿಂದ ತಡೆದರೆ ತಿರುಗಿ ಹೊಡೆಯುವ ಹಕ್ಕು ಅವರದ್ದು. ಯಾರದ್ದು ಮೊದಲು ಎಂದು ತೀರ್ಮಾನಿಸುವುದು ರೆಫರಿ."

"ನಮ್ಮ ಮನೆಯಲ್ಲೂ ದಿನವಿಡೀ ಇದೇ ಪಂಚಾಯಿತಿ. ಆದರೆ ಮೊದಲು ಕೈ ಎತ್ತಿದ ಮಗನಿಗೆ ನಾನು ಊಟ ಬಡಿಸುವುದಿಲ್ಲ, ನಿಮ್ಮವರು ಅಂಕ ಕೊಡುತ್ತಾರೆ!"

"ಎಪೇಯಲ್ಲಿ ಆ ರಗಳೆ ಇಲ್ಲ. ಸೆಕೆಂಡಿನ 25ನೇ ಒಂದು ಭಾಗದೊಳಗೆ ಇಬ್ಬರೂ ಚುಚ್ಚಿದರೆ ಇಬ್ಬರಿಗೂ ಅಂಕ."

"ಹಾಗಾದರೆ ಮಕ್ಕಳನ್ನು ಅದಕ್ಕೇ ಸೇರಿಸುತ್ತೇನೆ."

ರಾಘು ಸೋಲುವವನಲ್ಲ. "ಇದೆಲ್ಲ ಯುರೋಪಿನವರ ಆಟ. ನಮ್ಮವರು ಯಾರು ಆಡಿದ್ದಾರೆ?"

"ಚೆನ್ನೈನ ಭವಾನಿ ದೇವಿ. ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಕತ್ತಿವರಸೆ ಪಟು. 2021ರಲ್ಲಿ ಟೋಕಿಯೊದಲ್ಲಿ ಮೊದಲ ಪಂದ್ಯವನ್ನು 15-3ರಿಂದ ಗೆದ್ದರು, ಎರಡನೆಯದನ್ನು 7-15ರಿಂದ ಸೋತರು. 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಶಾಲೆಯಲ್ಲಿ ಕಲಿಯುವಾಗ ಬಿದಿರು ಕೋಲಿನಲ್ಲಿ ಅಭ್ಯಾಸ ಮಾಡಿದವರು."

"ಅವರಿಗೆ ಬಿದಿರು ಕೋಲಾದರೂ ಇತ್ತು. ನಿನಗೆ ಚಮಚ."

ಇಂಥ ಮಾತಿಗೆ ಶೀನ ಕೆರಳುವುದು ವಾಡಿಕೆ. ಅಂದು ಕೆರಳಲಿಲ್ಲ. ಪಂದ್ಯಕ್ಕೆ ಮುಂಚೆಯೂ ಕೊನೆಗೂ ಎದುರಾಳಿಗೆ ಕತ್ತಿ ಎತ್ತಿ ವಂದಿಸಬೇಕು ಎಂದು ಕಲಿಸಿದ್ದಾರಂತೆ. ಚಮಚವನ್ನು ಗಲ್ಲದ ಬಳಿಗೆ ತಂದು ರಾಘುವಿಗೆ ವಂದಿಸಿದ. ಜಗಳಕ್ಕೆ ಸಿದ್ಧನಾಗಿದ್ದ ರಾಘು ಇದರಿಂದ ತಬ್ಬಿಬ್ಬಾದ. ಕಾಫಿ ಮುಗಿಯುವವರೆಗೆ ಸುಮ್ಮನಿದ್ದವನು, ಹೊರಡುವ ಹೊತ್ತಿಗೆ ಮೆಲ್ಲಗೆ ವಿಚಾರಿಸಿದ:

"ಕತ್ತಿವರಸೆಗೆ ತೊಡುವ ಆ ಬಿಳಿ ಅಂಗಿ ನನ್ನ ಅಳತೆಗೆ ಸಿಗುತ್ತದೆಯೇ?"

ಶೀನ ಅವನ ಹೊಟ್ಟೆಯನ್ನು ಎಡಬಲ ನೋಡಿದ. "ಸಿಗಬಹುದು. ಆದರೆ ನೀನು ಫಾಯಿಲ್‌ಗೆ ಬರಬೇಡ, ಅಲ್ಲಿ ಮುಂಡವೊಂದೇ ಗುರಿ. ಎಪೇಗೆ ಬಾ. ಅಲ್ಲಿ ತಲೆಯಿಂದ ಕಾಲಿನವರೆಗೆ ಎಲ್ಲಿ ಬೇಕಾದರೂ ಚುಚ್ಚಬಹುದು; ಹೊಟ್ಟೆಯೊಂದೇ ಎಲ್ಲವನ್ನೂ ಅನುಭವಿಸಬೇಕಾಗಿಲ್ಲ."