ಮದುವೆಯ ದಿನದ ಉಗುರು ವಿನ್ಯಾಸ: ಶಾಸ್ತ್ರಗಳ ಕ್ರಮ ನೋಡಿ ಆರಿಸಿಕೊಳ್ಳಿ

ಪ್ರಶ್ನೆ (ಚಿತ್ರದುರ್ಗದ ಮದುಮಗಳು):
ನಮಸ್ಕಾರ ಮೇಡಂ. ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ನನ್ನ ಮದುವೆ ಇದೆ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಆರತಕ್ಷತೆಗೆ ತಿಳಿ ಗುಲಾಬಿ ಬಣ್ಣದ ಲೆಹೆಂಗಾ, ಮುಹೂರ್ತಕ್ಕೆ ಹಸಿರು ಅಂಚಿನ ಕುಂಕುಮ ಬಣ್ಣದ ಮೊಳಕಾಲ್ಮುರು ರೇಷ್ಮೆ ಸೀರೆ ತೆಗೆದಿದ್ದೇವೆ. ಉಗುರು ಉದ್ದವಾಗಿದ್ದು, ತುದಿಗೆ ಬಿಳಿ ಬಣ್ಣವಿರುವ ಫ್ರೆಂಚ್ ವಿನ್ಯಾಸ ಮಾಡಿಸಿ, ಎಲ್ಲ ಬೆರಳಿಗೂ ಕಲ್ಲು ಕೂರಿಸಬೇಕೆಂಬ ಆಸೆ ಇದೆ. ಇದನ್ನು ಮೆಹಂದಿಗೆ ಮೊದಲು ಮಾಡಿಸಬೇಕೇ, ನಂತರವೇ? ಎರಡೂ ಉಡುಗೆಗೆ ಈ ವಿನ್ಯಾಸ ಹೊಂದುತ್ತದೆಯೇ?

ಉತ್ತರ:
ಮದುವೆಗೆ ನನ್ನ ಶುಭಾಶಯಗಳು. ವಿನ್ಯಾಸದ ಮಾತಿಗೆ ಮೊದಲು ಮನೆಯ ಹಿರಿಯರನ್ನು ಕೇಳಿ, ಮೆಹಂದಿ, ಬಳೆ ಇಡಿಸುವುದು, ಅರಿಶಿನ ಹಚ್ಚುವುದು, ಸುರಗಿ, ಇವೆಲ್ಲ ಯಾವ ದಿನ ಯಾವ ಹೊತ್ತಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನನ್ನಲ್ಲಿಗೆ ಬರುವ ಮದುಮಕ್ಕಳು ಸಾಮಾನ್ಯವಾಗಿ ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. ನಾನು ಮೊದಲು ಕೇಳುವುದು ಈ ಹಾಳೆಯನ್ನು. ನಮ್ಮ ಕಡೆಯ ಮದುವೆಯಲ್ಲಿ ಕೈಗೆ ಇರುವಷ್ಟು ಕೆಲಸ ಬೇರೆ ಯಾವ ಅಂಗಕ್ಕೂ ಇರುವುದಿಲ್ಲ, ಮತ್ತು ಉಗುರಿನ ಬಣ್ಣ ಉಳಿಯುವುದೂ ಕೆಡುವುದೂ ಆ ಕೆಲಸಗಳ ಕ್ರಮದಿಂದಲೇ.

ಅರಿಶಿನದಿಂದ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಬಿಳಿ ತುದಿಗೆ ದೊಡ್ಡ ತೊಡಕು ಅದೇ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ಬೆರೆಸಿದ ಅರಿಶಿನವನ್ನು ಕೈಗೆ ಉಜ್ಜಿದಾಗ ಅದು ಜೆಲ್ ಪಾಲಿಶ್‌ನ (ದೀಪದಡಿ ಇಟ್ಟು ಗಟ್ಟಿ ಮಾಡುವ ಉಗುರು ಬಣ್ಣದ) ಮೇಲ್ಪದರಕ್ಕೂ ಹಿಡಿಯುತ್ತದೆ. ಬಿಳಿ, ಹಾಲುಬಣ್ಣ, ಮೈಬಣ್ಣದ ಉಗುರುಗಳು ಮಂಕಾದ ಹಳದಿಗೆ ತಿರುಗುತ್ತವೆ, ಸೋಪಿನಿಂದ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಿಂದಿನ ದಿನದ ಅರಿಶಿನ ಮುಗಿದ ಮೇಲೆ ಉಗುರು ಮಾಡಿಸಿದರೂ, ಮುಹೂರ್ತದ ಬೆಳಿಗ್ಗೆ ಸುರಗಿಯ ಸ್ನಾನಕ್ಕೆ ಮತ್ತೆ ಅರಿಶಿನ ಹಚ್ಚುವ ಪದ್ಧತಿ ನಿಮ್ಮಲ್ಲಿದ್ದರೆ, ಧಾರೆಯ ಹೊತ್ತಿಗೆ ಆ ಬಿಳಿ ತುದಿ ಬಿಳಿಯಾಗಿ ಉಳಿಯುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಬಿಳಿ ಬೇಡ. ಫ್ರೆಂಚ್ ವಿನ್ಯಾಸವೇ ಮನಸ್ಸಿನಲ್ಲಿದ್ದರೆ ತುದಿಯ ಗೆರೆಯನ್ನು ಬಂಗಾರದ ಬಣ್ಣದಲ್ಲಿ, ತೆಳುವಾಗಿ ಎಳೆಸಿಕೊಳ್ಳಿ. ಅರಿಶಿನ ತಗುಲಿದರೂ ಅದು ಎದ್ದು ಕಾಣುವುದಿಲ್ಲ.

ಮೆಹಂದಿಯ ವಿಷಯದಲ್ಲಿ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಬೇಕು. ಹಳೆಯ ಜೆಲ್ ಇದ್ದರೆ ತೆಗೆಸುವುದು, ಉಗುರಿಗೆ ಆಕಾರ ಕೊಡುವುದು, ಬುಡದ ಚರ್ಮವನ್ನು ಹಿಂದಕ್ಕೆ ಒತ್ತಿ ಸ್ವಚ್ಛ ಮಾಡುವುದು, ಇವು ಮೆಹಂದಿಗೆ ಮೊದಲೇ ಮುಗಿಯಬೇಕು. ಹಳೆಯ ಜೆಲ್ ತೆಗೆಯಲು ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು 10ರಿಂದ 15 ನಿಮಿಷ ಉಗುರಿಗೆ ಸುತ್ತಿಡುತ್ತೇವೆ. ಇದನ್ನು ಮೆಹಂದಿಯ ನಂತರ ಮಾಡಿದರೆ ಬೆರಳ ತುದಿಯ ಚರ್ಮ ಒಣಗಿ, ಅಲ್ಲಿನ ಬಣ್ಣವೇ ಮೊದಲು ಪೇಲವವಾಗುತ್ತದೆ. ಬಿಸಿನೀರಿನಲ್ಲಿ ಕೈ ನೆನೆಸುವ ಮೆನಿಕ್ಯೂರ್ ಕೂಡ ಮೆಹಂದಿಗೆ ಮೊದಲೇ ಆಗಬೇಕು. ಮೆಹಂದಿ ಹಚ್ಚುವ ಮುನ್ನ ಉಗುರುಗಳಿಗೆ ಸಾದಾ ಪಾರದರ್ಶಕ ನೇಲ್ ಪಾಲಿಶ್ ಒಂದು ಪದರ ಬಳಿದುಕೊಳ್ಳಿ. ಬರಿಯ ಉಗುರಿಗೆ ಹಿಡಿದ ಮೆಹಂದಿ ಕಿತ್ತಳೆ ಬಣ್ಣವಾಗಿ ನಿಂತುಬಿಡುತ್ತದೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ, ಆ ಕಲೆ ಪೂರ್ತಿ ಬೆಳೆದು ಹೋಗಲು 4ರಿಂದ 6 ತಿಂಗಳು ಬೇಕು.

ಮೆಹಂದಿ ಒಣಗಿ ಉದುರಿದ ಮೇಲೆ ಅದರ ಬಣ್ಣ ಗಾಢವಾಗಲು 24ರಿಂದ 48 ಗಂಟೆ ಹಿಡಿಯುತ್ತದೆ. ಹಾಗಾಗಿ ಮುಹೂರ್ತಕ್ಕೆ ಮೂರು ದಿನ ಮೊದಲು ಮೆಹಂದಿ, ಹಿಂದಿನ ದಿನ ಅರಿಶಿನ ಮತ್ತು ಬಳೆಯ ಶಾಸ್ತ್ರ ಮುಗಿದ ಮೇಲೆ, ಆರತಕ್ಷತೆಯ ಅಲಂಕಾರಕ್ಕೆ ಮೊದಲು ಉಗುರಿನ ಬಣ್ಣ, ಇದು ನಿಮಗೆ ಸರಿಯಾದ ಕ್ರಮ. ಬಣ್ಣ ಗಾಢವಾಗಲೆಂದು ಲವಂಗದ ಎಣ್ಣೆಯನ್ನೋ ನೀಲಗಿರಿ ಎಣ್ಣೆಯನ್ನೋ ಹಚ್ಚಿದ್ದರೆ ಉಗುರು ಮಾಡುವವರಿಗೆ ಮರೆಯದೆ ತಿಳಿಸಿ. ಎಣ್ಣೆಯ ಅಂಶ ಒಂದಿಷ್ಟು ಉಳಿದಿದ್ದರೂ ಜೆಲ್ ಉಗುರಿಗೆ ಕಚ್ಚಿಕೊಳ್ಳದೆ, ಬುಡದಿಂದ ಸಿಪ್ಪೆಯಂತೆ ಏಳುತ್ತದೆ.

ಬಳೆಯ ಶಾಸ್ತ್ರವನ್ನು ಉಗುರಿಗಿಂತ ಮೊದಲು ಇರಿಸಿದ್ದಕ್ಕೆ ಕಾರಣವಿದೆ. ಬಳೆಗಾರರು ಹಸಿರು ಗಾಜಿನ ಬಳೆ ಏರಿಸುವಾಗ ನಾಲ್ಕು ಬೆರಳುಗಳನ್ನು ಒಟ್ಟಿಗೆ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಗೆಣ್ಣಿನ ಹತ್ತಿರ ಒತ್ತುತ್ತಾರೆ. ಆಗ ಉದ್ದನೆಯ ಹೆಬ್ಬೆರಳ ಉಗುರು ಅಂಗೈಗೆ ಚುಚ್ಚುತ್ತದೆ, ಅಂಟಿಸಿದ ಉಗುರಾದರೆ ಬುಡದಿಂದ ಎದ್ದೇ ಬಿಡುತ್ತದೆ. ಮರುದಿನ ವೀಳ್ಯದೆಲೆಯಲ್ಲಿ ಜೀರಿಗೆ-ಬೆಲ್ಲ ಹಿಡಿದು ಒಬ್ಬರ ತಲೆಯ ಮೇಲೊಬ್ಬರು ಇಡುವಾಗ ಅದು ಉಗುರಿನ ಸಂದಿಗೆ ಸೇರುತ್ತದೆ, ಊಟವೂ ಕೈಯಿಂದಲೇ. ಬೆರಳ ತುದಿಯಿಂದ 2–3 ಮಿಲಿಮೀಟರ್ ಹೊರಗಿದ್ದು, ತುದಿ ದುಂಡಗಿನ ಬಾದಾಮಿ ಆಕಾರದಲ್ಲಿದ್ದರೆ ಸಾಕು. ಫೋಟೊದಲ್ಲಿ ಬೆರಳು ನೀಳವಾಗಿಯೂ ಕಾಣುತ್ತದೆ.

ಕಲ್ಲುಗಳ ಬಗ್ಗೆ ನನಗೆ ಹೆಚ್ಚು ಕಾಳಜಿ ನಿಮ್ಮ ಸೀರೆಯ ಕಾರಣದಿಂದ. ಉಗುರಿನ ಮೇಲೆ ಎತ್ತರವಾಗಿ ನಿಂತ ಕಲ್ಲಿನ ಅಂಚು ಸೆರಗಿನ ಜರಿಗೆ ಸಿಕ್ಕಿದರೆ ಎಳೆ ಹೊರಗೆ ಬರುತ್ತದೆ, ಹಾಗೆ ಬಂದ ಎಳೆಯನ್ನು ಮತ್ತೆ ಮೊದಲಿನಂತೆ ಒಳಗೆ ಸೇರಿಸುವುದು ಕಷ್ಟ. ನೆರಿಗೆ ಹಿಡಿಯುವಾಗ, ಕೂರುವಾಗ, ಏಳುವಾಗ ಮದುಮಗಳ ಕೈ ಮತ್ತೆ ಮತ್ತೆ ಹೋಗುವುದು ಸೀರೆಯ ಮೇಲೆಯೇ. ಎಲ್ಲ ಬೆರಳಿಗೆ ಬೇಡ. ಉಂಗುರದ ಬೆರಳಿಗೆ ಮಾತ್ರ, ಉಗುರಿನ ಬುಡಕ್ಕೆ ಹತ್ತಿರ, ಹಿಂಭಾಗ ಚಪ್ಪಟೆಯಾದ ಚಿಕ್ಕ ಕಲ್ಲು ಇರಿಸಿ, ಅದರ ಸುತ್ತಲೂ ಜೆಲ್ ತುಂಬಿಸಲು ಹೇಳಿ. ಮುಗಿದ ಮೇಲೆ ನೈಲಾನ್ ದುಪ್ಪಟ್ಟಾದ ಮೇಲೆ ಬೆರಳಾಡಿಸಿ ನೋಡಿ. ಅದಕ್ಕೆ ಸಿಕ್ಕಿದರೆ ಸೀರೆಗೂ ಸಿಗುತ್ತದೆ, ಅಲ್ಲೇ ಸರಿಪಡಿಸಿಕೊಳ್ಳಿ.

ಇನ್ನು ಬಣ್ಣ. ಸೀರೆ ಕುಂಕುಮ ಬಣ್ಣದ್ದೆಂದು ಉಗುರಿಗೂ ಅದನ್ನೇ ಆರಿಸುವವರು ಬಹಳ. ನಮ್ಮಲ್ಲಿ ಮೆಹಂದಿಯನ್ನು ಬೆರಳ ಮೊದಲ ಗೆಣ್ಣಿನವರೆಗೆ ತುಂಬಿಸುವ ರೂಢಿ ಇರುವುದರಿಂದ, ಕಡುಗೆಂಪು ಉಗುರು ಆ ಕಂದುಗೆಂಪಿನೊಳಗೆ ಕಳೆದುಹೋಗುತ್ತದೆ, ಕ್ಯಾಮೆರಾಕ್ಕೆ ಉಗುರು ಎಲ್ಲಿದೆಯೆಂದೇ ತಿಳಿಯುವುದಿಲ್ಲ. ನಿಮಗೆ ನನ್ನ ಸಲಹೆ, ಬಂಗಾರದ ಹೊಳಪು ಬೆರೆತ ಹಳೆಗುಲಾಬಿ ಬಣ್ಣ ಮತ್ತು ತುದಿಗೆ ಬಂಗಾರದ ತೆಳು ಗೆರೆ. ಅದು ಲೆಹೆಂಗಾದ ಗುಲಾಬಿಗೂ ಸೀರೆಯ ಜರಿಗೂ ಒಪ್ಪುತ್ತದೆ.

ಪ್ರಶ್ನೆ (ಹರಿಹರದ ತಾಯಿಯೊಬ್ಬರು):
ನನ್ನ ಮಗಳಿಗೆ ಉಗುರು ಕಚ್ಚುವ ಅಭ್ಯಾಸವಿದೆ, ಉಗುರು ತೀರಾ ಚಿಕ್ಕದು. ಅಂಗಡಿಯಲ್ಲಿ ಸಿಗುವ ಅಂಟಿಸುವ ಉಗುರು ಸಾಕೇ, ಅಥವಾ ಅಕ್ರಿಲಿಕ್ ಮಾಡಿಸಬೇಕೇ?

ಉತ್ತರ:
ಅಮ್ಮಾ, ಆರತಕ್ಷತೆಯ ಒಂದು ಸಂಜೆಗೆ ಅಂಟಿಸುವ ಉಗುರು ಸಾಕು. ಮುಹೂರ್ತದ ಬೆಳಿಗ್ಗೆಗೆ ಅದನ್ನು ನಂಬಬೇಡಿ, ಎಣ್ಣೆ ಮತ್ತು ಬಿಸಿನೀರಿನ ಸ್ನಾನಕ್ಕೆ ಅಂಟು ಸಡಿಲವಾಗುತ್ತದೆ. ಅಕ್ರಿಲಿಕ್ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಕಚ್ಚಿ ತೆಳುವಾದ ಉಗುರಿನ ಮೇಲೆ ಅದನ್ನು ಉದ್ದ ಮಾಡಿದರೆ, ಎಲ್ಲಾದರೂ ತಗುಲಿದಾಗ ಒಳಗಿನ ಸ್ವಂತ ಉಗುರಿಗೇ ಪೆಟ್ಟು. ಮದುವೆಗೆ ಇನ್ನೂ ಎರಡು ತಿಂಗಳಿದ್ದರೆ ಈಗಿನಿಂದಲೇ ಸಾದಾ ಜೆಲ್ ಪದರ ಹಾಕಿಸಿ, ಎರಡು-ಮೂರು ವಾರಕ್ಕೊಮ್ಮೆ ಸರಿಯಾದ ರೀತಿಯಲ್ಲಿ ತೆಗೆಸಿ ಹೊಸದಾಗಿ ಹಾಕಿಸುತ್ತಿರಿ. ಗಟ್ಟಿಯಾದ ಪದರವಿದ್ದಾಗ ಕಚ್ಚುವುದು ಸುಲಭವಲ್ಲ. ಎರಡು ತಿಂಗಳಲ್ಲಿ ಸ್ವಂತ ಉಗುರೇ ಸುಮಾರು 6 ಮಿಲಿಮೀಟರ್ ಬೆಳೆದಿರುತ್ತದೆ, ಅಷ್ಟು ನಮಗೆ ಬೇಕಾದಷ್ಟಾಯಿತು.

ಪ್ರಶ್ನೆ (ದಾವಣಗೆರೆಯ ಶುಶ್ರೂಷಕಿ):
ಮದುವೆಯಾಗಿ ಒಂದು ವಾರಕ್ಕೆ ವಾರ್ಡಿನ ಕೆಲಸಕ್ಕೆ ಮರಳಬೇಕು. ಜೆಲ್ ಎರಡು ವಾರ ಬಾಳುತ್ತದೆ ಎನ್ನುತ್ತಾರೆ. ಹಾಗೇ ಹೋಗಬಹುದೇ?

ಉತ್ತರ:
ಬೇಡ. ರೋಗಿಗಳನ್ನು ನೇರವಾಗಿ ಮುಟ್ಟುವ ಸಿಬ್ಬಂದಿ ಕೃತಕ ಉಗುರು ಧರಿಸಬಾರದು, ಸ್ವಂತ ಉಗುರಿನ ತುದಿಯೂ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ನೈರ್ಮಲ್ಯ ಮಾರ್ಗಸೂಚಿಯೇ ಹೇಳುತ್ತದೆ. ಉಗುರಿನಡಿಯಲ್ಲಿ ರೋಗಾಣುಗಳು ಉಳಿದುಕೊಳ್ಳುತ್ತವೆ, ಕೈ ತೊಳೆದರೂ ಸುಲಭವಾಗಿ ಹೋಗುವುದಿಲ್ಲ. ನೀವು ಚಿಕ್ಕ ಉಗುರಿಗೆ ಒಳ್ಳೆಯ ಸಾದಾ ನೇಲ್ ಪಾಲಿಶ್ ಹಾಕಿಸಿಕೊಳ್ಳಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಹಲವು ಗಂಟೆ ಬೇಕಾದ್ದರಿಂದ, ಅದನ್ನು ಸೀರೆ ಉಡುವ ಮುನ್ನ ಅವಸರದಲ್ಲಿ ಬಳಿಯದೆ ಹಿಂದಿನ ದಿನವೇ ಹಚ್ಚಿರಿ. ಕೆಲಸಕ್ಕೆ ಹೋಗುವ ಹಿಂದಿನ ರಾತ್ರಿ ಮನೆಯಲ್ಲೇ ಅಳಿಸಬಹುದು.

ಪ್ರಶ್ನೆ (ಹೊಳಲ್ಕೆರೆಯಿಂದ):
ನಿಶ್ಚಿತಾರ್ಥಕ್ಕೆ ಜೆಲ್ ಹಾಕಿಸಿದಾಗ ಉಗುರಿನ ಸುತ್ತ ಕೆಂಪಾಗಿ ಬಹಳ ತುರಿಕೆ ಬಂದಿತ್ತು. ಮದುವೆಗೆ ಬೇರೆ ಕಂಪನಿಯದು ಹಾಕಿಸಿದರೆ ಆದೀತೇ?

ಉತ್ತರ:
ದಯವಿಟ್ಟು ಹಾಕಿಸಬೇಡಿ, ಮೊದಲು ಚರ್ಮರೋಗ ತಜ್ಞರಿಗೆ ತೋರಿಸಿ. ನೀವು ಹೇಳುವ ಲಕ್ಷಣ ಜೆಲ್‌ನಲ್ಲಿರುವ ಅಕ್ರಿಲೇಟ್‌ಗಳ ಅಲರ್ಜಿಯದಾಗಿರಬಹುದು. ದೀಪದಡಿ ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಗುಲಿದಾಗ ಇದು ಹುಟ್ಟಿಕೊಳ್ಳುತ್ತದೆ, ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಬೇರೆ ಕಂಪನಿಯ ಬಾಟಲಿಯಲ್ಲೂ ಅದೇ ವರ್ಗದ ರಾಸಾಯನಿಕಗಳಿರುತ್ತವೆ. ಹಲ್ಲಿನ ಚಿಕಿತ್ಸೆಯಲ್ಲಿಯೂ ಅಕ್ರಿಲೇಟ್ ಬಳಕೆಯಾಗುವುದರಿಂದ, ಅಲರ್ಜಿ ಖಚಿತವಾದರೆ ದಂತವೈದ್ಯರಿಗೂ ತಿಳಿಸಬೇಕಾಗುತ್ತದೆ. ಅಲರ್ಜಿ ಇಲ್ಲದವರಿಗೂ ಒಂದು ಮಾತು: ಟಿಪಿಒ ಎಂಬ ರಾಸಾಯನಿಕವಿರುವ ಜೆಲ್‌ಗಳನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ, ಹಾಗಾಗಿ ಪಾರ್ಲರಿನಲ್ಲಿ ಬಾಟಲಿ ಕೇಳಿ, ಅದರ ಮೇಲೆ ಬರೆದಿರುವುದನ್ನು ಓದಲು ಸಂಕೋಚಪಡಬೇಡಿ.

ಪ್ರಶ್ನೆ (ಮೊದಲು ಕೇಳಿದ ಮದುಮಗಳು):
ಬಹಳ ಧನ್ಯವಾದಗಳು ಮೇಡಂ. ಬಂಗಾರದ ಗೆರೆಯನ್ನೇ ಒಪ್ಪಿಕೊಂಡೆ. ಕಾಲಿನ ಉಗುರಿಗೂ ಅದೇ ವಿನ್ಯಾಸ ಬೇಕೇ?

ಉತ್ತರ:
ಕಾಲಿಗೆ ಗೆರೆಯೂ ಬೇಡ, ಕಲ್ಲೂ ಬೇಡ. ಅಲ್ಲಿ ಫೋಟೊಗ್ರಾಫರ್ ತೆಗೆಯುವುದು ಕಾಲುಂಗುರವನ್ನು. ಉಗುರನ್ನು ನೇರವಾಗಿ, ಚಿಕ್ಕದಾಗಿ ಕತ್ತರಿಸಿ, ಕುಂಕುಮ ಬಣ್ಣದ ಸಾದಾ ನೇಲ್ ಪಾಲಿಶ್ ಎರಡು ಪದರ ಹಚ್ಚಿದರೆ ಬೆಳ್ಳಿ ಎದ್ದು ಕಾಣುತ್ತದೆ, ಮತ್ತು ಸೀರೆಯ ಬಣ್ಣವನ್ನು ಉಗುರಿಗೆ ತರಬೇಕೆಂಬ ಆಸೆ ಇದ್ದರೆ ಅದಕ್ಕೆ ಸರಿಯಾದ ಜಾಗವೂ ಇದೇ. ಕಾಲುಂಗುರದ ಅಳತೆಯನ್ನು ಸಂಜೆಯ ಹೊತ್ತಿಗೆ ಕೊಡಿ, ಏಕೆಂದರೆ ಮೇ ತಿಂಗಳ ಸೆಕೆಯಲ್ಲಿ ದಿನವಿಡೀ ನಿಂತ ಕಾಲು ಸ್ವಲ್ಪ ಬಾತಿರುತ್ತದೆ. ಆ ಬಣ್ಣದ ಬಾಟಲಿಯನ್ನು ಮತ್ತು ಉಗುರು ಉಜ್ಜುವ ಒಂದು ಚಿಕ್ಕ ಫೈಲನ್ನು, ಮಂಟಪದಲ್ಲಿ ನಿಮ್ಮ ಪಕ್ಕದಲ್ಲೇ ಇರುವ ಅಕ್ಕನೋ ಗೆಳತಿಯೋ ಯಾರಾದರೊಬ್ಬರ ಕೈಚೀಲದಲ್ಲಿ ಇರಿಸಿರಿ.