ಹಳೇ ಶೈಲಿಯ ಬೇಸ್ ಗಿಟಾರ್ ತಗೊಳ್ಳೋದಿದೆ: ಪ್ರಿಸಿಷನ್ನೋ, ಜಾಜೋ?

ಪ್ರಶ್ನೆ: ಅಕೂಸ್ಟಿಕ್ ಗಿಟಾರ್ ನುಡಿಸಿ ರೂಢಿ ಇದೆ, ಈಗ ಬೇಸ್ ಹಿಡಿಯೋ ಮನಸ್ಸಾಗಿದೆ. ನಾಲ್ಕು ತಂತಿಯ ಹಳೇ ಶೈಲಿಯದ್ದೇ ಬೇಕು. ಪ್ರಿಸಿಷನ್ ಮಾದರಿಯೋ ಜಾಜ್ ಮಾದರಿಯೋ ಅಂತ ತೀರ್ಮಾನ ಆಗ್ತಿಲ್ಲ. ನನ್ನ ಕೈ ಸ್ವಲ್ಪ ಚಿಕ್ಕದು. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಏನು ನೋಡಿ ತಗೋಬೇಕು, ಆಮೇಲೆ ಹೇಗೆ ಜೋಪಾನ ಮಾಡ್ಬೇಕು? ಬಳಸಿದವರು ದಯವಿಟ್ಟು ಹೇಳಿ.

ಬ್ಯಾಂಡ್‌ನಲ್ಲಿ ನುಡಿಸುವವರು: ಎರಡೂ ನುಡಿಸಿದ್ದೀನಿ, ನನ್ನ ಓಟು ಪ್ರಿಸಿಷನ್‌ಗೆ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಅದನ್ನ ತಂದಿದ್ದು 1951ರಲ್ಲಿ. ಈಗ ನೋಡೋ ಎರಡು ತುಂಡಿನ ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ) ಬಂದಿದ್ದು 1957ರಲ್ಲಿ. ಒಂದು ತುಂಡಿನ ಹಮ್ಮನ್ನ ಇನ್ನೊಂದು ಹೊಡೆದುಹಾಕುತ್ತೆ, ಹಾಗಾಗಿ ಗುಂಯ್ ಅನ್ನೋ ಕಾಟ ಇಲ್ಲ. ಒಂದು ವಾಲ್ಯೂಮು, ಒಂದು ಟೋನು, ಮುಗೀತು. ಡ್ರಮ್ಸು, ಗಿಟಾರು, ಕೀಬೋರ್ಡು ಎಲ್ಲ ಸೇರಿ ಗದ್ದಲ ಎಬ್ಬಿಸಿದಾಗಲೂ ಇದರ ದನಿ ಅಡಿಯಲ್ಲಿ ಅಲ್ಲಾಡದೆ ನಿಲ್ಲುತ್ತೆ. ಒಬ್ಬರೇ ಕೂತು ನುಡಿಸಿದರೆ ಜಾಜ್ ಚೆಂದ ಕೇಳುತ್ತೆ ನಿಜ. ಅಂಗಡೀಲಿ ಜನ ಅದಕ್ಕೆ ಮರುಳಾಗೋದೇ ಹಾಗೆ.

ಜಾಜ್ ಬೇಸ್ ಇಟ್ಟುಕೊಂಡವರು: ಕೈ ಚಿಕ್ಕದು ಅಂದಿದ್ದಾರಲ್ಲ ಸರ್, ಅದನ್ನೇ ಬಿಟ್ಟುಬಿಟ್ರಿ! ಜಾಜ್ ಬೇಸಿನ ನೆಕ್ಕು (ಉದ್ದನೆಯ ಕುತ್ತಿಗೆ ಭಾಗ) ನಟ್ ಹತ್ತಿರ, ಅಂದ್ರೆ ತಲೆ ಕಡೆ ತಂತಿ ಕೂರೋ ಪಟ್ಟಿಯ ಹತ್ತಿರ, ಸುಮಾರು 38 ಮಿ.ಮೀ. ಅಗಲ, ಪ್ರಿಸಿಷನ್ 41ರಿಂದ 44ರವರೆಗೆ ಇರುತ್ತೆ. ಕಾಗದದ ಮೇಲೆ ಏನೂ ಅಲ್ಲ ಅನ್ನಿಸುತ್ತೆ, ಒಂದು ಗಂಟೆ ನುಡಿಸಿದ ಮೇಲೆ ಹೆಬ್ಬೆರಳಿನ ಬುಡ ಹೇಳುತ್ತೆ. ಆದ್ರೆ ಸ್ಕೇಲ್ (ತಂತಿ ಕಂಪಿಸೋ ಉದ್ದ) ಎರಡಕ್ಕೂ 34 ಇಂಚೇ. ಅಂದ್ರೆ ಮೊದಲ ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳ) ಕಡೆ ಬೆರಳು ಚಾಚೋ ಕಷ್ಟ ಎರಡರಲ್ಲೂ ಒಂದೇ. ಅದೇ ತೊಂದರೆ ಆದ್ರೆ 30 ಇಂಚಿನ ಶಾರ್ಟ್ ಸ್ಕೇಲ್ ನೋಡಿ, ಪಿಟೀಲಿನ ಆಕಾರದ ಹಾಫ್ನರ್ ಥರದ್ದು. ಜಾಜಿನ ಒಂದು ಗುಣ ಮೊದಲೇ ಗೊತ್ತಿರಲಿ: ಎರಡೂ ಪಿಕಪ್ ಪೂರ್ತಿ ಏರಿಸಿದಾಗ ನಿಶ್ಶಬ್ದ, ಒಂದನ್ನ ಇಳಿಸಿದ್ರೆ ಹಮ್ ಶುರು. ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ.

ರಿಪೇರಿ ಮಾಡುವವರು: ಹೆಸರು, ಬಣ್ಣ, ಪಿಕಪ್ ಎಲ್ಲ ಆಮೇಲೆ. ಮೊದಲು ನೆಕ್ ನೋಡಿ. ಪಿಕಪ್ ಬದಲಾಯಿಸಬಹುದು, ತಿರುಚಿಕೊಂಡ ನೆಕ್ ಇಟ್ಕೊಂಡು ಏನೂ ಮಾಡೋಕಾಗಲ್ಲ.

ಶ್ರುತಿ ಮಾಡಿ, ದಪ್ಪ ತಂತಿಯನ್ನ ಮೊದಲ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.3 ಮಿ.ಮೀ. ಸಂದಿ ಇದ್ರೆ ಸರಿ. ಸಂದಿ ಜಾಸ್ತಿ ಇದ್ದೂ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡೋ ಒಳಗಿನ ಕಂಬಿ) ಇನ್ನು ಬಿಗಿಯಾಗಲ್ಲ ಅನ್ನೋ ಹಂತಕ್ಕೆ ಬಂದಿದ್ರೆ ನಮಸ್ಕಾರ ಹೇಳಿ ಹೊರಡಿ. ಹಳೇ ಮಾದರಿ ಕೆಲವದರಲ್ಲಿ ರಾಡಿನ ತಿರುಪು ಬಾಡಿ ಕಡೆ ಹುದುಗಿರುತ್ತೆ, ತಿರುಗಿಸೋಕೆ ನೆಕ್ಕನ್ನೇ ಬಿಚ್ಚಬೇಕಾಗುತ್ತೆ. ಕೊಳ್ಳೋ ಮೊದಲೇ ಕೇಳಿ ತಿಳ್ಕೊಳ್ಳಿ.

ಆಮೇಲೆ ನಾಲ್ಕೂ ತಂತಿಗಳ ಮೇಲೆ ಒಂದೊಂದೇ ಫ್ರೆಟ್ ನುಡಿಸ್ತಾ ಹೋಗಿ. ಅವಸರ ಬೇಡ. ತೆಳು ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಎಲ್ಲೋ ಒಂದು ಕಡೆ ಸ್ವರ ಒದ್ದೆ ಕಟ್ಟಿಗೆಗೆ ಬಡಿದ ಹಾಗೆ ಬೇಗ ಸಾಯಬಹುದು. ಅದು ನೆಕ್ಕಿನ ಕಂಪನದಿಂದ ಆಗೋದು, ಒಳ್ಳೇ ಬೇಸ್‌ಗಳಲ್ಲೂ ಇರುತ್ತೆ. ಸ್ವಲ್ಪ ಇದ್ರೆ ಹೊಂದಿಕೊಳ್ಳಿ. ನಿಂತ್ಕೊಂಡು ಸ್ಟ್ರ್ಯಾಪ್ ಹಾಕಿ ಎಡಗೈ ಬಿಟ್ಟು ನೋಡೋದನ್ನ ಮರೀಬೇಡಿ. ಬೇಸಿನ ತಲೆ ನೆಲದ ಕಡೆ ಜಗ್ಗಿದ್ರೆ ನಾಳೆ ಆ ಭಾರ ನಿಮ್ಮ ಎಡಗೈಗೇ.

ನಾಬ್ ತಿರುಗಿಸಿದ್ರೆ ಕರಕರ ಅನ್ನುತ್ತಾ? ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಚೌಕಾಸಿಗೂ ಅನುಕೂಲ. ಜ್ಯಾಕ್ (ಕೇಬಲ್ ಚುಚ್ಚೋ ಜಾಗ) ಸಡಿಲ ಆಗಿದ್ರೆ ಹೊರಗಿನ ತಿರುಪು ನಟ್ ಒಂದನ್ನೇ ತಿರುಗಿಸಬೇಡಿ. ಒಳಗಿನ ಜ್ಯಾಕೂ ಜೊತೆಗೆ ಸುತ್ತಿ ವೈರ್ ಕಿತ್ತುಬರುತ್ತೆ. ಪ್ಲೇಟ್ ಬಿಚ್ಚಿ, ಒಳಗಿಂದ ಹಿಡ್ಕೊಂಡು ಬಿಗಿ ಮಾಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ತಂತಿ ಯಾವುದು ಹಾಕಲಿ? ಎಷ್ಟು ದಿನಕ್ಕೆ ಬದಲಿಸಬೇಕು?

ಬ್ಯಾಂಡ್‌ನಲ್ಲಿ ನುಡಿಸುವವರು: ಹಳೇ ದನಿ ಬೇಕು ಅಂದ್ರೆ ಫ್ಲಾಟ್‌ವೌಂಡ್ (ಮೇಲೆ ಚಪ್ಪಟೆ ತಂತಿ ಸುತ್ತಿದ್ದು), ಎರಡು ಮಾತಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್‌ಗೆ ಫ್ಲಾಟ್‌ವೌಂಡ್ ಹಾಕಿ, ಹರಿದುಹೋಗದ ಹೊರತು ಬದಲಿಸ್ತಿರಲಿಲ್ಲ ಅಂತ ಪ್ರಸಿದ್ಧಿ. ನುಣುಪಾಗಿರುತ್ತೆ, ಬೆರಳು ಜಾರಿದಾಗ ಕಿರ್ ಅನ್ನಲ್ಲ, ಫ್ರೆಟ್ ಸವೆತವೂ ಕಡಿಮೆ.

ಜಾಜ್ ಬೇಸ್ ಇಟ್ಟುಕೊಂಡವರು: ಹೆಬ್ಬೆರಳಲ್ಲಿ ತಂತಿಗೆ ಹೊಡೆದು ಸ್ಲ್ಯಾಪ್ ಮಾಡೋ ಆಸೆ ಇದ್ರೆ ಫ್ಲಾಟ್‌ವೌಂಡ್ ಮಂಕು ಹೊಡೆಯುತ್ತೆ. ಆಗ ರೌಂಡ್‌ವೌಂಡೇ (ಮೇಲೆ ದುಂಡು ತಂತಿ ಸುತ್ತಿದ್ದು). ಅದರ ಹೊಳಪು ಬೆವರಿಗೆ ಬೇಗ ಹೋಗುತ್ತೆ, ಪ್ರತಿ ಸಲ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿಯ ಅಡಿಗೂ ಒರೆಸಿ.

ರಿಪೇರಿ ಮಾಡುವವರು: ಯಾವುದೇ ಹಾಕಿ, ದಪ್ಪ ತಂತಿಯನ್ನ ಕತ್ತರಿಸೋ ಮೊದಲು ಕತ್ತರಿಸೋ ಜಾಗಕ್ಕಿಂತ ಸ್ವಲ್ಪ ಈಚೆ ಲಂಬವಾಗಿ ಮಡಚಿ, ಆಮೇಲೆ ಕತ್ತರಿ ಹಾಕಿ. ನೇರ ಇದ್ದಾಗ ಕತ್ತರಿಸಿದ್ರೆ ಮೇಲಿನ ಸುತ್ತು ಬಿಚ್ಚಿಕೊಂಡು ದನಿ ಸಾಯುತ್ತೆ. ರೌಂಡ್‌ವೌಂಡ್‌ನಿಂದ ಫ್ಲಾಟ್‌ವೌಂಡ್‌ಗೆ ಹೋದಾಗ ಸಾಮಾನ್ಯವಾಗಿ ಎಳೆತ ಹೆಚ್ಚುತ್ತೆ, ನೆಕ್ ಮುಂದಕ್ಕೆ ಬಾಗುತ್ತೆ. ಒಂದು ದಿನ ಬಿಟ್ಟು ಆ 0.3 ಸಂದಿ ಮತ್ತೆ ನೋಡಿ. ರಾಡ್ ತಿರುಗಿಸೋದಾದ್ರೆ ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಕೊನೆಗೆ 12ನೇ ಫ್ರೆಟ್‌ನ ಹಾರ್ಮೋನಿಕ್ಕನ್ನೂ (ತಂತಿಯನ್ನ ಒತ್ತದೆ ಬರೀ ಮುಟ್ಟಿ ನುಡಿಸೋ ಸ್ವರ) ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ರೆ ಸ್ಯಾಡಲ್ (ಬಾಡಿ ಕಡೆ ತಂತಿ ಕೂರೋ ತುಂಡು) ಹಿಂದಕ್ಕೆ, ಇಳಿದಿದ್ರೆ ಮುಂದಕ್ಕೆ.

ಲೆಮನ್ ಆಯಿಲ್ ಬೀಟೆ ಮರದ ಫ್ರೆಟ್‌ಬೋರ್ಡ್‌ಗೆ ಮಾತ್ರ, ಅದೂ ಅಪರೂಪಕ್ಕೆ. ವಾರ್ನಿಷ್ ಬಳಿದ ಮೇಪಲ್‌ಗೆ ಬೇಡ. ಫ್ರೆಟ್ ತುದಿ ಅಂಗೈಗೆ ಚುಚ್ಚೋಕೆ ಶುರುವಾದ್ರೆ ಮರ ಒಣಗಿ ಕುಗ್ಗಿದೆ ಅಂತ. ನೈಟ್ರೋಸೆಲ್ಯುಲೋಸ್ ಅನ್ನೋ ಹಳೇ ಥರದ ಮೆರುಗು ಬಳಿದಿದ್ರೆ ರಬ್ಬರ್ ಸ್ಟ್ಯಾಂಡ್‌ಗೆ ಒರಗಿಸಿ ಇಡಬೇಡಿ, ಕಲೆ ಕೂರುತ್ತೆ.

ಪ್ರಶ್ನೆ ಕೇಳಿದವರು: ಸದ್ಯಕ್ಕೆ ಮನೆಯಲ್ಲಿರೋ ಗಿಟಾರ್ ಆಂಪ್‌ಗೇ ಚುಚ್ಚಬಹುದಾ?

ರಿಪೇರಿ ಮಾಡುವವರು: ಸಣ್ಣ ದನಿಯಲ್ಲಾದ್ರೆ ಧಾರಾಳವಾಗಿ. ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತೆ, ಆ ಸ್ಪೀಕರ್ ಅದಕ್ಕೆ ಮಾಡಿದ್ದಲ್ಲ. ಪಟಪಟ ಅನ್ನೋಕೆ ಶುರುವಾದ್ರೆ ತಕ್ಷಣ ಇಳಿಸಿ.