ಗರ್ಭಿಣಿಯ ಅಪಾಯದ ಪಟ್ಟಿಯಲ್ಲಿ ‘ಜನಾಂಗ’ದ ಕಾಲಂ ಬೇಕೆ?

ರಘುನಂದನ:
ಬ್ರಿಟನ್ನಿನಲ್ಲಿ 2020ರ ಮಾರ್ಚ್ 1ರಿಂದ ಏಪ್ರಿಲ್ 14ರವರೆಗೆ ಕೋವಿಡ್ ತಗುಲಿ ಆಸ್ಪತ್ರೆ ಸೇರಿದ 427 ಗರ್ಭಿಣಿಯರಲ್ಲಿ ಶೇ 56ರಷ್ಟು ಮಂದಿ ಕಪ್ಪುವರ್ಣೀಯರು, ಏಷ್ಯನ್ನರು ಮುಂತಾದ ಅಲ್ಪಸಂಖ್ಯಾತ ಸಮುದಾಯಗಳವರು. ಸೋಂಕು ಹೆಚ್ಚಿದ್ದ ಲಂಡನ್, ವೆಸ್ಟ್ ಮಿಡ್‌ಲ್ಯಾಂಡ್ಸ್, ನಾರ್ತ್ ವೆಸ್ಟ್ ಪ್ರದೇಶಗಳನ್ನು ಬಿಟ್ಟು ನೋಡಿದರೂ ಅಂತರ ಹಾಗೇ ಇತ್ತು. ವಯಸ್ಸು, ತೂಕ, ಮೊದಲೇ ಇದ್ದ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದಾಗಲೂ ಅದು ಅಳಿಯಲಿಲ್ಲ. ಇದರಲ್ಲಿ ಜೈವಿಕ ಕಾರಣ ಇರಲೇಬೇಕು ಅನ್ನುವುದು ನನ್ನ ವಾದ. ಮೊದಲ ತಪಾಸಣೆಯ ಅಪಾಯದ ಪಟ್ಟಿಗೆ ಜನಾಂಗವನ್ನೂ ಸೇರಿಸಬೇಕು.

ವಸುಧಾ:
ರಘುನಂದನ ಅವರೇ, ಆ ಲೆಕ್ಕಕ್ಕೆ ಬಂದದ್ದು ವಯಸ್ಸು, ತೂಕ, ಕಾಯಿಲೆ ಅಷ್ಟೇ. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಮನೆಯಲ್ಲಿ ಎಷ್ಟು ಮಂದಿ ಹೊರಗೆ ದುಡಿಯುತ್ತಾರೆ, ಬಸ್ಸಿನಲ್ಲಿ ಓಡಾಟವೇ, ರಜೆ ಹಾಕಿದರೆ ಸಂಬಳ ಕಡಿತವೇ, ಇವು ಬಂದಿಲ್ಲ. ಲೆಕ್ಕಕ್ಕೆ ಬಾರದೆ ಉಳಿದ ಅಂತರವನ್ನೆಲ್ಲ ವಂಶವಾಹಿಯ ತಲೆಗೆ ಕಟ್ಟುವುದು ಸರಿಯಲ್ಲ.

ಇನ್ನೊಂದು ತೊಡಕಿದೆ. ಆಸ್ಪತ್ರೆ ಸೇರಿದವರ ಸಂಖ್ಯೆಯೊಳಗೆ ಮೂರು ಸಂಗತಿಗಳು ಬೆರೆತಿರುತ್ತವೆ: ಸೋಂಕು ತಗುಲುವುದು, ತಗುಲಿದ್ದು ಉಲ್ಬಣಿಸುವುದು, ಉಲ್ಬಣಿಸಿದಾಗ ಎಷ್ಟು ಬೇಗ ಆಸ್ಪತ್ರೆಗೆ ಬರುತ್ತಾರೆ ಎಂಬುದು. ಮೊದಲನೆಯದನ್ನು ಹೆಚ್ಚಾಗಿ ಮನೆ, ಕೆಲಸಗಳೇ ನಿರ್ಧರಿಸುತ್ತವೆ. ಮೂರನ್ನೂ ಬಿಡಿಸದೆ ‘ಜೈವಿಕ’ ಅಂದರೆ ಯಾವುದಕ್ಕೆ ಅಂದ ಹಾಗಾಯಿತು?

ಇಮ್ತಿಯಾಜ್:
ಇದು ತಾಯಿಯಿಂದ ಭ್ರೂಣಕ್ಕೆ ದಾಟಬಲ್ಲ, ಒಮ್ಮೆ ಬಂದರೆ ದೇಹದಲ್ಲೇ ಉಳಿಯುವ ಸೈಟೊಮೆಗಾಲೊ ವೈರಸ್‌ನಲ್ಲಿ ಇನ್ನೂ ಸ್ಪಷ್ಟ. ಇಕ್ಕಟ್ಟಿನ ಮನೆಗಳಲ್ಲಿ ಬೆಳೆದವರಿಗೆ ಈ ಸೋಂಕು ಬಾಲ್ಯದಲ್ಲೇ ಬಂದಿರುತ್ತದೆ. ಬಸಿರಿನಲ್ಲಿ ಮೊದಲ ಬಾರಿ ತಗುಲಿದರೆ ಶೇ 30–40ರಷ್ಟು ಸಲ ಭ್ರೂಣಕ್ಕೆ ದಾಟುತ್ತದೆ, ಹಳೆಯದು ಮರುಕಳಿಸಿದರೆ ಶೇ 1ರ ಆಸುಪಾಸು. ಹಾಗಾದರೆ ಬಡ ಸಮುದಾಯಗಳಲ್ಲಿ ಹುಟ್ಟುವಾಗಲೇ ಸೋಂಕಿರುವ ಮಕ್ಕಳು ಕಡಿಮೆ ಇರಬೇಕಿತ್ತು. ವಾಸ್ತವ ತಿರುವುಮುರುವು. ಬಹುಪಾಲು ತಾಯಂದಿರಿಗೆ ಹಳೆಯ ಸೋಂಕಿರುವುದರಿಂದ ಆ ಸಣ್ಣ ಶೇಕಡಾವಾರೇ ದೊಡ್ಡ ಸಂಖ್ಯೆಯಾಗುತ್ತದೆ. ಜೊತೆಗೆ ಪುಟ್ಟ ಮಕ್ಕಳ ಜೊಲ್ಲು, ಮೂತ್ರದಿಂದ ಬೇರೆ ತಳಿಯ ವೈರಸ್ ಹೊಸದಾಗಿ ತಗುಲುವುದೂ ಉಂಟು.

ಲ್ಯಾಬಿನಲ್ಲಿ ಅನ್ಯಾಯವಾಗುವುದು ಬಸಿರಿನಲ್ಲಿ ತಡವಾಗಿ ತಪಾಸಣೆಗೆ ಬಂದವರಿಗೆ. ಹೊಸ ಸೋಂಕಿಗೆ ಮೊದಲು ಹುಟ್ಟುವ ಪ್ರತಿಕಾಯವಾದ ಐಜಿಎಂ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಅದೊಂದನ್ನೇ ನಂಬುವಂತಿಲ್ಲ. ಐಜಿಜಿ ಅವಿಡಿಟಿ, ಅಂದರೆ ಆಮೇಲೆ ಬರುವ ಐಜಿಜಿ ಪ್ರತಿಕಾಯ ವೈರಸ್ಸನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ನೋಡಬೇಕು. ಅದು ಕಡಿಮೆಯಿದ್ದರೆ ಸೋಂಕು ಬಹುಶಃ ಕಳೆದ ಮೂರು–ನಾಲ್ಕು ತಿಂಗಳೊಳಗಿನದು. 10ನೇ ವಾರದಲ್ಲಿ ಅವಿಡಿಟಿ ಹೆಚ್ಚಿದ್ದರೆ ಸೋಂಕು ಬಸಿರಿಗೂ ಹಿಂದಿನದು ಎನ್ನಬಹುದು. ಅದೇ ಫಲಿತಾಂಶ 26ನೇ ವಾರದಲ್ಲಿ ಬಂದರೆ ಮೊದಲ ವಾರಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಆಗ ಮಗುವಿನ ಪರೀಕ್ಷೆಯೇ ಗತಿ: ಹುಟ್ಟಿದ 21 ದಿನಗಳೊಳಗೆ ಜೊಲ್ಲು ಅಥವಾ ಮೂತ್ರದಲ್ಲಿ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ. ಎದೆಹಾಲಿನಲ್ಲೂ ವೈರಸ್ ಇರಬಹುದಾದ್ದರಿಂದ ಹಾಲು ಕುಡಿದು ಒಂದು ಗಂಟೆಯಾದರೂ ಕಳೆದ ಮೇಲೆ ಜೊಲ್ಲು ತೆಗೆಯಬೇಕು. ಜೊಲ್ಲಿನಲ್ಲಿ ಪಾಸಿಟಿವ್ ಬಂದರೆ ಮೂತ್ರದಲ್ಲಿ ಖಚಿತಪಡಿಸಿಕೊಳ್ಳಬೇಕು. 21 ದಿನ ದಾಟಿದರೆ ಹೊಟ್ಟೆಯಲ್ಲೇ ಬಂದದ್ದೋ ಆಮೇಲೆ ಬಂದದ್ದೋ ಹೇಳಲಾಗದು.

ಶಾರದಾ:
ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ವಿಷಯದಲ್ಲಂತೂ ಜನಾಂಗದ ಕಾಲಂ ಹಾನಿಯನ್ನೇ ಮಾಡುತ್ತದೆ. ‘ಅಪಾಯದ ಗುಂಪಿನವರು’ ಎಂದು ಆರಿಸಿ ಪರೀಕ್ಷಿಸಿದರೆ ಉಳಿದವರು ತಪ್ಪಿಹೋಗುತ್ತಾರೆ. ಮೊದಲ ಭೇಟಿಯಲ್ಲೇ ಎಲ್ಲರಿಗೂ ಈ ಸೋಂಕನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಾದ ಎಚ್‌ಬಿಎಸ್‌ಎಜಿ ಮಾಡಬೇಕು. ಪಾಸಿಟಿವ್ ಇದ್ದು ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಮಿಲಿಲೀಟರಿಗೆ 2,00,000 ಐಯು (ಅಂತರರಾಷ್ಟ್ರೀಯ ಘಟಕ) ದಾಟಿದ್ದರೆ ತಡವೆಂದರೂ 28ನೇ ವಾರದಿಂದ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ, 300 ಮಿಗ್ರಾಂ, ದಿನಕ್ಕೊಂದು. ಮಗುವಿಗೆ 24 ಗಂಟೆಯೊಳಗೆ ಮೊದಲ ಲಸಿಕೆ. ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಾದ ಇಮ್ಯುನೊಗ್ಲೋಬುಲಿನ್ ಸಿಗುವಲ್ಲಿ 12 ಗಂಟೆಯೊಳಗೆ ಅದೂ ಆಗಬೇಕು. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು ಶೇ 90ರಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಮಗುವಿಗೆ ಸೋಂಕು ದಾಟದಂತೆ ತಡೆಯುವ ಈ ಸರಪಳಿ ಕಡಿದುಹೋಗುವುದು ವೈರಲ್ ಲೋಡ್ ವರದಿ 34ನೇ ವಾರಕ್ಕೆ ಬಂದಾಗ, ಮಾತ್ರೆ ಯಾಕೆಂದು ತಾಯಿಗೆ ಅವಳ ಭಾಷೆಯಲ್ಲಿ ಹೇಳದಿದ್ದಾಗ, ಹೆರಿಗೆ ಮನೆಯಲ್ಲೇ ಆಗಿ ಲಸಿಕೆ ಮೂರನೇ ದಿನಕ್ಕೆ ಹೋದಾಗ.

ಕೇಳಬೇಕಾದ್ದು ‘ಎಲ್ಲಿ ಬೆಳೆದಿರಿ, ಯಾವ ಲಸಿಕೆ ಆಗಿದೆ’ ಅಂತ. ಉಷ್ಣವಲಯದಲ್ಲಿ ಬೆಳೆದವರಲ್ಲಿ ದೊಡ್ಡವರಾದ ಮೇಲೂ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್‌ಗೆ ರೋಗನಿರೋಧಕತೆ ಇಲ್ಲದವರು ಹೆಚ್ಚು. ರುಬೆಲ್ಲಾ ಲಸಿಕೆ ಬಾಲ್ಯದಲ್ಲಿ ಸಿಗದವರಿಗೆ ಬಸಿರಿನಲ್ಲಿ ಕೊಡುವಂತಿಲ್ಲ, ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಹೆರಿಗೆಯಾಗಿ ಮನೆಗೆ ಕಳಿಸುವ ಮೊದಲೇ ಕೊಟ್ಟುಬಿಡಬೇಕು.

ರಘುನಂದನ:
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಜನಾಂಗ ದಾಖಲಾಗದೇ ಇದ್ದಿದ್ದರೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್‌ನ ದೋಷ ಹೇಗೆ ಹೊರಬರುತ್ತಿತ್ತು? 2020ರ ಅಮೆರಿಕದ ಅಧ್ಯಯನದಲ್ಲಿ ಯಂತ್ರ ಶೇ 92–96 ತೋರಿಸುತ್ತಿದ್ದಾಗ ಧಮನಿಯ ರಕ್ತದಲ್ಲಿ ನಿಜವಾದ ಪ್ರಮಾಣ ಶೇ 88ಕ್ಕಿಂತ ಕೆಳಗಿದ್ದದ್ದು ಕಪ್ಪುವರ್ಣೀಯರಲ್ಲಿ ಶೇ 11.7 ಸಲ, ಬಿಳಿಯರಲ್ಲಿ ಶೇ 3.6 ಸಲ. ಗರ್ಭಿಣಿಗೆ ಆಮ್ಲಜನಕ ಕನಿಷ್ಠ ಶೇ 95 ಬೇಕು ಅನ್ನುವಾಗ ಇದು ಸಣ್ಣ ತಪ್ಪಲ್ಲ.

ವಸುಧಾ:
ಆ ದಾಖಲೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆ ಜನಾಂಗದ ಜೊತೆಗೆ ಪೋಸ್ಟ್‌ಕೋಡ್, ತೂಕ, ಕಾಯಿಲೆಗಳನ್ನೂ ಬರೆದುಕೊಳ್ಳಿ ಎಂದಿತು. ಯಾರಿಗೆ ಸೇವೆ ತಪ್ಪುತ್ತಿದೆ ಎಂದು ಅದರಿಂದ ತಿಳಿಯುತ್ತದೆ. ಹಾಸಿಗೆಯ ಪಕ್ಕದಲ್ಲಿ ನಿಂತಾಗ ಬೇಕಾದ್ದು ಬೇರೆ. ಚರ್ಮ ಕಪ್ಪಿದ್ದು ಯಂತ್ರ 95 ತೋರಿಸಿದರೂ ಉಸಿರಾಟದ ವೇಗ ಏರುತ್ತಿದ್ದರೆ ಧಮನಿಯ ರಕ್ತ ಪರೀಕ್ಷಿಸಿ. ಬಸಿರಿನಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡ ಸಹಜವಾಗಿಯೇ 30 ಎಂಎಂ ಪಾದರಸದ ಆಸುಪಾಸಿಗೆ ಇಳಿದಿರುತ್ತದೆ. ವರದಿಯಲ್ಲಿ 40 ಬಂದರೆ ‘ನಾರ್ಮಲ್’ ಅಂದುಕೊಳ್ಳಬೇಡಿ, ಆಕೆ ಉಸಿರೆಳೆದು ದಣಿಯುತ್ತಿದ್ದಾಳೆ.

ಇಮ್ತಿಯಾಜ್:
ಹಾಗಾದರೆ ಜನಾಂಗದ ಕಾಲಂ ಇರಲಿ, ಅದಕ್ಕೆ ಅಪಾಯದ ಅಂಕ ಬೇಡ. ಅದರ ಪಕ್ಕದಲ್ಲೇ ಮೊದಲ ಭೇಟಿ ಎಷ್ಟನೇ ವಾರದಲ್ಲಿ ಆಯಿತು, ದುಭಾಷಿ ಇದ್ದರೇ ಅನ್ನುವ ಎರಡು ಕಾಲಂ ಹಾಕಿ. ಲ್ಯಾಬಿನ ಅರ್ಜಿಯಲ್ಲಿ ವಾರದ ಸಂಖ್ಯೆ ಖಾಲಿ ಬಿಟ್ಟು ಕಳಿಸಿದ ಸ್ಯಾಂಪಲ್‌ನ ಅವಿಡಿಟಿಗೆ ಅರ್ಥ ಹೇಳಲು ನಮ್ಮಿಂದ ಆಗುವುದಿಲ್ಲ.